ಜೀಪಿಗೊಂದು ಹೊಸ ಹಗ್ಗ

ಜೀಪಿನ ಹುಚ್ಚು ನನಗೆ ಹಿಡಿದದ್ದು ಏಳನೆಯ ತರಗತಿಯಲ್ಲಿ. ನನ್ನ ತವರೂರಿಗೆ ದನದ ಡಾಕ್ಟರು ಜೀಪಿನಲ್ಲಿ ಬರುತ್ತಿದ್ದರು. ವಾಪಸು ಹೊರಡುವಾಗ ಕೆರೆ ಏರಿಯವರೆಗೆ ಹುಡುಗರನ್ನೆಲ್ಲ ಹಿಂದೆ ಹತ್ತಿಸಿಕೊಳ್ಳುತ್ತಿದ್ದರು. ನಾವು ಹುಡುಗಿಯರು ಹತ್ತಲು ಹೋದರೆ "ನಿಮಗೆ ಮನೇಲಿ ಕೆಲ್ಸ ಇಲ್ವೇನ್ರವ್ವ" ಎಂದು ಅಟ್ಟುತ್ತಿದ್ದರು. ಧೂಳು ಕುಡಿದುಕೊಂಡು ನಿಂತ ಆ ಸಿಟ್ಟು ನನಗೆ ನಲವತ್ತೊಂಬತ್ತು ವರ್ಷವಾದರೂ ಆರಿರಲಿಲ್ಲ. ಸಿಟ್ಟನ್ನು ಜೋಪಾನವಾಗಿ ಇಟ್ಟುಕೊಳ್ಳುವುದರಲ್ಲಿ ನಾನು ಗಟ್ಟಿಗಿತ್ತಿ, ಬೇಕಾದರೆ ನಮ್ಮ ಯಜಮಾನರನ್ನು ಕೇಳಿ.

ನಾನು ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹೋದ ಮಾಘದಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಟೀ ಕುಡಿಯುತ್ತ, ಶ್ರವಣಬೆಳಗೊಳದ ಹತ್ತಿರ ತಮ್ಮೂರಿನಲ್ಲಿ ಒಬ್ಬ ಹಿರಿಯರು ಹಳೇ ಜೀಪು ಮಾರುತ್ತಿದ್ದಾರೆ, ಹೊಸ ಸ್ಕೂಟರಿಗಿಂತ ಅಗ್ಗಕ್ಕೆ ಸಿಗುತ್ತದೆ ಎಂದರು. ಅಷ್ಟು ಸಾಕಾಯಿತು. ಭಾನುವಾರ ಯಜಮಾನರ ಬೈಕಿನ ಹಿಂದೆ ಕೂತು ಹೋಗಿಯೇಬಿಟ್ಟೆ.

ಜೀಪು ಒಂದು ಹುಣಿಸೆಮರದ ಕೆಳಗೆ ನಿಂತಿತ್ತು. ಅದರ ಬಣ್ಣ ಹಸಿರೋ ಬೂದಿಯೋ ಹೇಳುವಂತಿರಲಿಲ್ಲ. ಮೇಲಿನ ಟಾರ್ಪಾಲು ಹರಿದಲ್ಲೆಲ್ಲ ಗೊಬ್ಬರದ ಚೀಲದ ತೇಪೆ. ಎಡಗಡೆ ಬಾಗಿಲಿಗೆ ಚಿಲಕವಿಲ್ಲ, ತಂತಿ ಸುತ್ತಿ ನಿಲ್ಲಿಸಿದ್ದರು. ರೇಡಿಯೇಟರಿನಿಂದ ತೊಟ್ಟಿಕ್ಕುವ ನೀರಿಗೆ ಒಂದು ಸಿಲ್ವರ್ ಬಟ್ಟಲು ಇಟ್ಟಿದ್ದರು. ಹಿಂದಿನ ಸೀಟಿನ ಮೇಲೆ ಒಂದು ಕೋಳಿ ಕಾವಿಗೆ ಕೂತು ನಮ್ಮನ್ನು ದುರುಗುಟ್ಟಿ ನೋಡಿತು. ನಾನು ಮುಂದೆ ಹತ್ತಿ ಸ್ಟಿಯರಿಂಗ್ ಹಿಡಿದೆ. ಹಿಡಿದವಳೇ ಏಳನೆಯ ಕ್ಲಾಸಿನ ಹುಡುಗಿಯ ಹಾಗೆ ನಕ್ಕುಬಿಟ್ಟೆ. "ಎಷ್ಟು ಚೆನ್ನಾಗಿದೆ ಅಲ್ವೇನ್ರೀ" ಎಂದು ಮಾರುವವರ ಮುಂದೆಯೇ ಹೇಳಿದೆ. ಆ ಹಿರಿಯರು ಮೀಸೆಯಲ್ಲಿ ನಕ್ಕರು. ಹದಿನೆಂಟು ವರ್ಷ ಅದರಲ್ಲಿ ತೆಂಗಿನಕಾಯಿ ಸಾಗಿಸಿದ್ದರಂತೆ. ಈಗ ಕಣ್ಣು ಮಂಜು, ಅದಕ್ಕೇ ಕೊಡುತ್ತಿದ್ದೇನೆ ಎಂದರು.

ವಾಪಸು ಬರುವಾಗ ಯಜಮಾನರು ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಬೈಕು ನಿಲ್ಲಿಸಿ, "ಗುಜರಿಯೋನು ಬೇಡ ಅಂದಿದ್ದನ್ನ ಮನೆಗೆ ತತ್ತೀನಿ ಅಂತೀಯಲ್ಲ" ಎಂದರು. ಅವರಿಗೆ ಬಿಳೀ ಬಣ್ಣದ ಪುಟ್ಟ ಹೊಸ ಕಾರು ಬೇಕು. ಹಾಸನದ ಆಫೀಸಿನಲ್ಲಿ ಅವರ ಜೊತೆಯವರೆಲ್ಲ ಅಂಥದ್ದನ್ನೇ ತಂದಿದ್ದಾರೆ. ನಮ್ಮದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸಂಸಾರ. ಇಲ್ಲಿ ಎತ್ತು ಯಾರು ಕೋಣ ಯಾರು ಎಂಬುದರ ಮೇಲೆ ಇಪ್ಪತ್ತಾರು ವರ್ಷದಿಂದ ಚರ್ಚೆ ನಡೆದಿದೆ.

"ನಿಮ್ಮ ಬಿಳೀ ಕಾರು ನಮ್ಮ ಹಳ್ಳ ದಾಟುತ್ತೇನ್ರೀ?" ಎಂದೆ. ಅವರು ಬೈಕಿಗೆ ಕಿಕ್ ಹೊಡೆದರು.

ಹಳ್ಳದ ವಿಷಯ ಹೇಳದಿದ್ದರೆ ನಾನು ಜೀಪು ಕೇಳಿದ್ದು ಬರೀ ಹುಚ್ಚು ಎಂದುಕೊಳ್ಳುತ್ತೀರಿ. ನಾವಿರುವುದು ಯಜಮಾನರ ಊರಿನಲ್ಲಿ, ನುಗ್ಗೇಹಳ್ಳಿ ಕಡೆ. ಊರಿನಿಂದ ತೆಂಗಿನ ತೋಟಕ್ಕೆ ಒಂದೂವರೆ ಮೈಲಿ, ನಡುವೆ ಒಂದು ಹಳ್ಳ. ಅದರಲ್ಲಿ ನೀರು ವರ್ಷಕ್ಕೆ ಎರಡು ತಿಂಗಳು, ಕಲ್ಲು ಹನ್ನೆರಡು ತಿಂಗಳು. ಎರಡು ವರ್ಷದ ಹಿಂದೆ ಮಾವ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಪ್ಲೇಟು ಹಾಕಿದರು, ಎದ್ದರು, ಕೋಲೂರಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬರುವಷ್ಟಾದರು. ಕಟ್ಟಿ ಮೇಯಿಸುವವರಿಲ್ಲದೆ ಎತ್ತುಗಳನ್ನೂ ಆಗಲೇ ಕೊಟ್ಟೆವು, ಗಾಡಿ ಮೂಲೆಗೆ ಸೇರಿತು. ಅಂದಿನಿಂದ ಅವರು ತೋಟ ನೋಡಿರಲಿಲ್ಲ.

ಪ್ರಯತ್ನ ಮಾಡಲಿಲ್ಲವೆಂದಲ್ಲ. ಆಟೋದವನು ಹಳ್ಳದ ದಡದಲ್ಲಿ ನಿಂತು ಕೈಮುಗಿದು ವಾಪಸಾದ. ಟ್ರ್ಯಾಕ್ಟರ್ ಹತ್ತಲು ಕಾಲು ಅಷ್ಟೆತ್ತರ ಏಳಲಿಲ್ಲ. ಯಜಮಾನರು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ನಡುಹಳ್ಳದಲ್ಲಿ ಮಗುಚಿದರು. ಅಪ್ಪ ಮಗ ಇಬ್ಬರೂ ನೀರಲ್ಲಿ ಕೂತಿದ್ದನ್ನು ನೋಡಿ ಊರು ನಕ್ಕಿತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಈಗ ಪೇಟೆಯವನೊಬ್ಬ ತೋಟವನ್ನು ಗುತ್ತಿಗೆಗೆ ಕೇಳಿದ್ದ. ಯುಗಾದಿ ಕಳೆದ ಮೇಲೆ ಬಂದು ಮಾತು ಮುಗಿಸುತ್ತೇನೆ ಎಂದಿದ್ದ. ದಿನಾ ಹಾಸನಕ್ಕೆ ಓಡಾಡುವ ಯಜಮಾನರಿಗೆ ಕೊಟ್ಟರೆ ಸಾಕಾಗಿತ್ತು. ಮಾವ ಮಾತ್ರ ಒಂದೇ ಮಾತು ಹಿಡಿದಿದ್ದರು. "ಒಂದ್ಸಲ ತ್ವಾಟನ ಕಣ್ಣಲ್ಲಿ ನೋಡ್ಬುಡ್ತೀನಿ. ಆಮೇಕೆ ಏನಾರ ಮಾಡ್ಕಳಿ." ನೆಟ್ಟವರು ಅವರು. ಒಂದು ಸಲ ನೋಡಲು ಅವರು ಹೀಗೆ ಕೇಳಿಕೊಳ್ಳಬೇಕೆ?

ಯಜಮಾನರು ಕೊನೆಗೆ ಒಂದು ಉಪಾಯ ಮಾಡಿದರು. "ಅಪ್ಪ ಒಪ್ಪಿದ್ರೆ ತಗೊ, ನನ್ನದೇನಿಲ್ಲ" ಎಂದರು. ಮಾವ ಒಪ್ಪುವುದಿಲ್ಲವೆಂದು ಅವರಿಗೆ ಖಾತ್ರಿ. ಮಾವನ ಪ್ರಕಾರ ಇಂಜಿನ್ ಇರುವುದೆಲ್ಲ ತಗಡು. ಅವರು ಸುತ್ತಮುತ್ತಲ ಹತ್ತು ಹಳ್ಳಿಗೆ ಎತ್ತು ಆರಿಸಿಕೊಟ್ಟವರು. ಅವರು ಬೇಡವೆಂದ ಎತ್ತನ್ನು ಕೊಂಡವರು ಯಾರೂ ಉದ್ಧಾರವಾಗಿಲ್ಲ ಎಂದು ಸ್ವತಃ ಮಾವನೇ ಹೇಳುತ್ತಾರೆ.

ಕೇಳಬೇಕಾದವಳು ನಾನು, ಅದೇ ತೊಡಕು. ನಮ್ಮ ಮನೆಯಲ್ಲಿ ಮಾವ ಸೊಸೆ ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ಅತ್ತೆ ಇದ್ದಾಗ ನಮ್ಮಿಬ್ಬರ ಮಾತನ್ನು ಅವರೇ ಆ ಕಡೆಗೂ ಈ ಕಡೆಗೂ ಸಾಗಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನಡುಮನೆಯ ಕಂಬದ ಪಾಲಿಗೆ ಬಂತು. "ಒಂದ್ಲೋಟ ನೀರು ಬೇಕಾಗಿತ್ತು" ಎಂದು ಮಾವ ಕಂಬಕ್ಕೆ ಹೇಳುತ್ತಾರೆ. "ಕಾಫಿನೂ ಆಗಿದೆ" ಎಂದು ನಾನು ಕಂಬಕ್ಕೆ ಉತ್ತರ ಕೊಡುತ್ತೇನೆ. ಶಾಲೆಯಲ್ಲಿ ಅರವತ್ತು ಮಕ್ಕಳನ್ನು ಒಂದೇ ಗದರಿಕೆಗೆ ಕೂರಿಸುವವಳು ಮನೆಯಲ್ಲಿ ಹೀಗೆ ಮರದ ಜೊತೆ ಮಾತಾಡುತ್ತೇನೆಂದು ಆ ಮಕ್ಕಳಿಗೆ ಗೊತ್ತಾದರೆ ಗತಿ ಮುಗಿಯಿತು.

ಅವತ್ತು ಸಂಜೆ ಕಂಬಕ್ಕೆ ಎಲ್ಲ ಹೇಳಿದೆ. ಜೀಪಿದೆ, ಹಳೆಯದು, ರಿಪೇರಿಯಿದೆ, ಆದರೆ ಹಳ್ಳ ದಾಟುತ್ತದೆ. ಮಾವ ಎಲೆಅಡಿಕೆ ಜಗಿದು ಮುಗಿಸಿದರು. ಆಮೇಲೆ ಕಂಬವನ್ನು ಕೇಳಿದರು: "ಎಲ್ಲಿ ಕಟ್ಟವ್ರೆ?"

ಎತ್ತನ್ನು ಕೇಳುವ ಹಾಗೆ. ನನಗೆ ಅಲ್ಲೇ ಅರ್ಧ ಗೆದ್ದಷ್ಟು ಖುಷಿಯಾಯಿತು.

ನಾನು ಜೀಪಿನ ಮುಂದೆ ನಕ್ಕು ಹೊಗಳಿದ್ದನ್ನು ಯಜಮಾನರು ಚಾಡಿ ಹೇಳಿದರು. ಮಾವ ಹಣೆ ಚಚ್ಚಿಕೊಂಡರು. "ಮಾರೋನ ಮುಂದೆ ಎತ್ತ ಒಗಳ್ತಾರೇನ್ಲಾ? ಅವ್ನು ಆಗ್ಲೇ ಕೋಡು ಎತ್ಕಂಡಿರ್ತಾನೆ. ನಾಳಿದ್ದು ಒತ್ತಾರೆ ಓಗನ. ನಾವು ಬರೋಗಂಟ ಅದನ್ನ ಎಬ್ಬಿಸ್ಬ್ಯಾಡ ಅಂತ ಯೋಳ್ಕಳ್ಸು."

ಎತ್ತು ಕೊಳ್ಳುವವರು ಮಲಗಿದ ಎತ್ತು ಏಳುವುದನ್ನು ನೋಡಬೇಕಂತೆ. ಎದ್ದು ನಿಂತ ಎತ್ತು ಯಾರಿಗಾದರೂ ಚೆನ್ನಾಗಿಯೇ ಕಾಣುತ್ತದೆ, ಕೀಲುನೋವು ಗೊತ್ತಾಗುವುದು ಏಳುವಾಗ. ಬಾಡಿಗೆ ಕಾರಿನಲ್ಲಿ, ದಾರಿಯಲ್ಲಿ ಪಟ್ಟಣದ ಮೆಕ್ಯಾನಿಕ್ಕನ್ನೂ ಹತ್ತಿಸಿಕೊಂಡು, ಸೂರ್ಯ ಹುಟ್ಟುವ ಹೊತ್ತಿಗೆ ನಾವು ಹುಣಿಸೆಮರದ ಹತ್ತಿರ ಇದ್ದೆವು. ಮಾವ ಬಿಳೀ ಪಂಚೆ ಉಟ್ಟು, ಹೆಗಲಿಗೆ ಟವೆಲ್ಲು ಹಾಕಿ, ಕಂಕುಳಲ್ಲಿ ಒಂದು ಬಟ್ಟೆಯ ಚೀಲ ಇಟ್ಟುಕೊಂಡಿದ್ದರು. ಚೀಲದಲ್ಲಿ ಏನಿದೆ ಎಂದು ಯಜಮಾನರು ಕೇಳಿದರೆ "ಇರ್ಲಿ ಕಣ್ಲಾ" ಎಂದರು.

ಮಾವ ಮೊದಲು ಜೀಪನ್ನು ನೋಡಲೇ ಇಲ್ಲ, ನೆಲ ನೋಡಿದರು. ಎತ್ತಿನ ಆರೋಗ್ಯ ಅದು ನಿಂತ ಕೊಟ್ಟಿಗೆಯಲ್ಲಿ ತಿಳಿಯುತ್ತದೆಯಂತೆ, ಸಗಣಿ ನೋಡಬೇಕು, ಗಂಜಳ ನೋಡಬೇಕು. ಬಟ್ಟಲಿನ ನೀರಿನ ಪಕ್ಕ ಅಂಗೈಯಗಲ ಎಣ್ಣೆಕಲೆ ಇತ್ತು. ಕೋಲಿನ ತುದಿಯಿಂದ ಕೆದಕಿ ಮೆಕ್ಯಾನಿಕ್ಕಿಗೆ ತೋರಿಸಿದರು. ಅವನು ಬೆರಳಿನಲ್ಲಿ ಮುಟ್ಟಿ ಮೂಸಿ, "ಗೇರ್ ಆಯಿಲ್ ಸಾ. ಸೀಲು ಹೋಗಿರಬೇಕು. ದೊಡ್ಡ ರೋಗ ಅಲ್ಲ" ಎಂದ. ಆಮೇಲೆ ಎಬ್ಬಿಸಲು ಹೇಳಿದರು. ಜೀಪು ಎರಡು ಸಲ ಕೆಮ್ಮಿತು, ಮೂರನೆಯದಕ್ಕೆ ಎದ್ದಿತು. ಕೋಳಿ ಬೈದುಕೊಂಡು ಕೆಳಗೆ ಹಾರಿತು. ಮೆಕ್ಯಾನಿಕ್ ನನ್ನ ಕಿವಿಯ ಹತ್ತಿರ, "ನಾನೂ ಇದನ್ನೇ ಕೇಳ್ಬೇಕು ಅಂತಿದ್ದೆ ಮೇಡಂ. ತಣ್ಣಗಿರೋವಾಗ ಸ್ಟಾರ್ಟ್ ಆಗ್ಬೇಕು, ಅದೇ ಪರೀಕ್ಷೆ. ದೊಡ್ಡ ಯಜಮಾನ್ರು ಎಲ್ಲಿ ಕಲ್ತ್ರು?" ಎಂದ. ನನಗೆ ನನ್ನ ಮಾವ ಎಂದು ಹೆಮ್ಮೆಯಾಯಿತು. ಇಷ್ಟು ವರ್ಷದಲ್ಲಿ ಅದೇ ಮೊದಲು ಎಂದು ಒಪ್ಪಿಕೊಳ್ಳುತ್ತೇನೆ.

ಮೆಕ್ಯಾನಿಕ್ ಅಡಿಯಲ್ಲಿ ನುಸುಳಿ ಒಂದೊಂದೇ ಕಾಯಿಲೆ ಹೇಳುತ್ತ ಹೋದ. ಬ್ರೇಕು, ಕ್ಲಚ್ಚು, ರೇಡಿಯೇಟರು. ಹ್ಯಾಂಡ್‌ಬ್ರೇಕ್ ಇಲ್ಲವೇ ಇಲ್ಲ. ಯಜಮಾನರ ಮುಖ ಒಂದೊಂದಕ್ಕೂ ಅರಳುತ್ತಿತ್ತು, ನನ್ನದು ಬಾಡುತ್ತಿತ್ತು. ಮಾವ ಬಗ್ಗಲಾರದೆ ಬಗ್ಗಿ, ಕೋಲಿನಿಂದ ಅಡಿಯ ಉದ್ದನೆಯ ಕಬ್ಬಿಣವನ್ನು ಆ ತುದಿಯಿಂದ ಈ ತುದಿಯವರೆಗೆ ಕುಟ್ಟಿ ಕಿವಿಗೊಟ್ಟರು. "ಬೆನ್ನು ಎಂಗೈತೆ?"

"ಛಾಸಿ ಗಟ್ಟಿ ಇದೆ ಸಾ. ಎಲ್ಲೂ ಬೆಸುಗೆ ಇಲ್ಲ, ತುಕ್ಕಿಲ್ಲ."

"ಬೆನ್ನು ಗಟ್ಟಿಯಿದ್ರೆ ಮೇಯ್ಸಿ ತಕ್ಕಬೋದು" ಎಂದರು ಮಾವ. ಆ ಹಿರಿಯರು ನಮ್ಮ ಮಾವನನ್ನು ಈಗ ಸರಿಯಾಗಿ ನೋಡಿದರು. ಅವರೂ ಹಳೇ ಎತ್ತಿನ ಗಿರಾಕಿ ಇರಬೇಕು. ಒಳಗಿನಿಂದ ಕುರ್ಚಿ ತರಿಸಿದರು.

ಎಲ್ಲ ಸರಿಹೋಯಿತು ಎನ್ನುವಾಗ ಮಾವ ಮುಂದೆ ಬಂದು ನಿಂತು ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಎಡಗಡೆ ಒಂದು ತಗ್ಗು ಇತ್ತು. ಯಾವಾಗಲೋ ತೆಂಗಿನಕಾಯಿ ಬಿದ್ದು ಆದದ್ದು, ಬಟ್ಟಲಿನಷ್ಟು ದುಂಡಗೆ. ಮಾವನ ಕೈ ಅಲ್ಲೇ ನಿಂತಿತು. ಮುಖ ಬದಲಾಯಿತು.

"ಸುಳಿ" ಎಂದರು.

ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡ ಗುರುತಿಗೆ ಸುಳಿ ಎನ್ನುತ್ತಾರೆ. ಕೆಲವು ಶುಭ, ಕೆಲವು ಮನೆ ಕೆಡಿಸುವಂಥವು, ಎಡಗಡೆಯ ಈ ಜಾಗದ್ದು ಕೆಡಿಸುವಂಥದ್ದಂತೆ. "ಬ್ಯಾಡ ಕಣ್ಲಾ, ಓಗನ ನಡಿ" ಎಂದು ಮಗನಿಗೆ ಹೇಳಿ ಕಾರಿನ ಕಡೆ ತಿರುಗಿಯೇಬಿಟ್ಟರು. ಯಜಮಾನರು, ಶಕುನ ಎಂದರೆ ನಗುವ ಮನುಷ್ಯ, ಆಗ ಮಾತ್ರ ಭಕ್ತಿಯಿಂದ ತಲೆಯಾಡಿಸಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ತೆಂಗಿನಕಾಯಿಯ ಏಟಿಗೆ ಈ ಮನುಷ್ಯ ತನ್ನ ತೋಟ ನೋಡುವುದನ್ನೇ ಬಿಡುತ್ತಾರಲ್ಲ! ಕಂಬ ಹುಡುಕಿದೆ. ಹುಣಿಸೆಮರ ಸಿಕ್ಕಿತು. "ಎತ್ತಿಗಾದರೆ ಸುಳಿ ಹುಟ್ಟಿನಿಂದ ಬರುತ್ತೆ. ಇದು ನಡುವೆ ಬಂದದ್ದು. ನಡುವೆ ಬಂದದ್ದು ಹೋಗಲೂಬಹುದು" ಎಂದು ಮರಕ್ಕೆ ಜೋರಾಗಿಯೇ ಹೇಳಿದೆ.

ಮೆಕ್ಯಾನಿಕ್ ಜಾಣ. ಮಾತಿಲ್ಲದೆ ಬಾನೆಟ್ ಎತ್ತಿ, ಒಳಗಿನಿಂದ ಮರದ ಸುತ್ತಿಗೆಯಲ್ಲಿ ಮೂರೇ ಏಟು ಕೊಟ್ಟ. ಟಪ್ ಎಂದು ತಗ್ಗು ಮೇಲೆದ್ದಿತು. "ಸುಳಿ ತೆಗ್ದೆ ಸಾ, ನೋಡಿ."

ಮಾವ ವಾಪಸು ಬಂದು ಕೈಯಾಡಿಸಿದರು. ನುಣ್ಣಗಿತ್ತು. ಆಮೇಲೆ ಭುಜ ಕುಣಿಸಿಕೊಂಡು ನಗತೊಡಗಿದರು. ಅತ್ತೆ ಹೋದ ಮೇಲೆ ನಾನು ಆ ನಗು ಕೇಳಿರಲಿಲ್ಲ. "ಎಪ್ಪತ್ತೆಂಟು ವರ್ಸದಲ್ಲಿ ಸುಳಿ ಅಳಿಸಿದ್ದ ಇವತ್ತೇ ಕಣ್ರಪ್ಪ ನೋಡಿದ್ದು. ಇದು ಎತ್ತಿಗಿಂತ ವಾಸಿ" ಎಂದರು.

ಬೆಲೆಯ ಮಾತು ದನದ ಜಾತ್ರೆಯ ಹಾಗೆ ಟವೆಲ್ಲಿನ ಕೆಳಗೆ, ಬೆರಳೆಣಿಕೆಯಲ್ಲೇ ನಡೆಯಿತು. ಇಬ್ಬರು ಮುದುಕರು ಕೈಮೇಲೆ ಟವೆಲ್ಲು ಹಾಕಿಕೊಂಡು ಬೆರಳು ಹಿಡಿದು, ಬಿಟ್ಟು, ತಲೆಯಲ್ಲಾಡಿಸಿ, ಮತ್ತೆ ಹಿಡಿದು, ಒಂದು ಮಾತಿಲ್ಲದೆ ಮುಗಿಸಿದರು. ಕೊಡಬೇಕಾದವಳು ನಾನಾದ್ದರಿಂದ ಆಮೇಲೆ ನನಗೆ ತಿಳಿಸಿದರು. ಯಜಮಾನರಿಗೆ ಇವತ್ತಿಗೂ ತಿಳಿಸಿಲ್ಲ.

ಕೀಲಿಕೈ ಕೊಡುವಾಗ ಆ ಹಿರಿಯರು ಅದಕ್ಕೆ ಕಟ್ಟಿದ್ದ ಮಾಸಿದ ಕೆಂಪು ದಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಬರೀ ಕೀಲಿ ಕೊಟ್ಟರು. ದನ ಮಾರಿದವರು ಹಗ್ಗ ಕೊಡುವುದಿಲ್ಲ. ಹಗ್ಗ ಕೊಟ್ಟರೆ ಕೊಟ್ಟಿಗೆಯ ಭಾಗ್ಯವೂ ಅದರ ಹಿಂದೆ ಹೋಗುತ್ತದೆಂದು ನಂಬಿಕೆ. ಕೊಳ್ಳುವವರು ಹೊಸ ಹಗ್ಗ ತಂದಿರಬೇಕು. ಮಾವ ಗಂಭೀರವಾಗಿ ಬಟ್ಟೆಯ ಚೀಲ ಬಿಚ್ಚಿ, ನುಗ್ಗೇಹಳ್ಳಿ ಅಂಗಡಿಯ ಹೊಸ ಹಗ್ಗದ ಸುರುಳಿ ತೆಗೆದು ಜೀಪಿನ ಮೂತಿಯ ಮೇಲೆ ಇಟ್ಟರು. ಯಜಮಾನರು ಆ ಕಡೆ ತಿರುಗಿ ನಿಂತರು. ನಾನೂ ಸೆರಗು ಕಚ್ಚಿಕೊಂಡೆ. ಆ ಹಿರಿಯರು ಮಾತ್ರ ನಗಲಿಲ್ಲ. ಬಾನೆಟ್ಟನ್ನು ಎರಡು ಸಲ ತಟ್ಟಿ, "ಒಳ್ಳೆ ಕೈಗೆ ಓದೆ ಕಣಪ್ಪ" ಎಂದು ಜೀಪಿಗೆ ಹೇಳಿ ಒಳಗೆ ಹೋದರು.

ರಿಪೇರಿಗೆ ಮೂರು ವಾರ ಹಿಡಿಯಿತು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎನ್ನುತ್ತಾರೆ, ಈ ಜೀಪಿನ ಮೇಲೆ ಹದಿನೆಂಟು ವರ್ಷದ ದೊಣ್ಣೆ ಬಿದ್ದಿತ್ತು. ಶಾಲೆ ಬಿಟ್ಟ ಮೇಲೆ ದಿನಾ ಶೆಡ್ಡಿಗೆ ಹೋಗಿ ಕೂರುತ್ತಿದ್ದೆ. ಲೈಸೆನ್ಸ್ ಬೀರುವಿನಲ್ಲಿ ಹನ್ನೊಂದು ವರ್ಷ ಮಲಗಿತ್ತು, ಅದನ್ನೂ ಎಬ್ಬಿಸಿದೆ. ಮೆಕ್ಯಾನಿಕ್ ನನ್ನನ್ನು ಕೂರಿಸಿಕೊಂಡು ಖಾಲಿ ಮೈದಾನದಲ್ಲಿ ಸುತ್ತಿಸಿದ. ಸ್ಟಿಯರಿಂಗ್ ರಾಗಿಕಲ್ಲು ತಿರುಗಿಸಿದಷ್ಟು ಗಟ್ಟಿ. ತೋಳು ನೋವಿನಲ್ಲಿ ಬೋರ್ಡಿನ ಮೇಲೆ ಬರೆಯಲಾಗದೆ ಒಂದು ದಿನ ಮಕ್ಕಳಿಂದಲೇ ಲೆಕ್ಕ ಬಿಡಿಸಿದೆ. ಬಾಗಿಲ ಚಿಲಕ ಮತ್ತು ಹ್ಯಾಂಡ್‌ಬ್ರೇಕಿನ ಸಾಮಾನು ಮಾತ್ರ ಎಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಯುಗಾದಿಗೆ ನಾಲ್ಕೇ ದಿನ ಉಳಿದಿತ್ತು. ಹಾಗೆಯೇ ತಂದೆ.

ಭಾನುವಾರ ಬೆಳಗ್ಗೆ ಜೀಪು ಬೀದಿಗೆ ಬಂದಾಗ ಮಾವ ಜಗಲಿಯ ಮೇಲೆ ಸಿದ್ಧವಾಗಿ ಕೂತಿದ್ದರು. ಹಿಂದೆ ಹತ್ತಿಸಲು ನೋಡಿದೆವು, ಸೊಂಟ ಕೇಳಲಿಲ್ಲ. ಉಳಿದದ್ದು ಮುಂದಿನ ಸೀಟು, ಅಂದರೆ ಸೊಸೆಯ ಪಕ್ಕ. ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಮಾವ ಒಂದು ಗಳಿಗೆ ನೆಲ ನೋಡಿದರು, ಆಮೇಲೆ ಕೋಲನ್ನು ಮಗನ ಕೈಗೆ ಕೊಟ್ಟು ಹತ್ತಿದರು. ಯಜಮಾನರು ಬೈಕಿನಲ್ಲಿ ಹಿಂದೆ ಬಂದರು.

ಎಡಗಡೆಯ ಬಾಗಿಲು ನಿಲ್ಲಬೇಕಲ್ಲ? ಮಾವ ಹೊಸ ಹಗ್ಗವನ್ನು ಅದಕ್ಕೆ ಬಿಗಿದು, ತುದಿಯನ್ನು ಮುಷ್ಟಿಗೆ ಸುತ್ತಿ ಹಿಡಿದರು. ನನಗೂ ಯಜಮಾನರಿಗೂ ಅಷ್ಟು ನಗು ತರಿಸಿದ್ದ ಹಗ್ಗ. ಹಳ್ಳದ ಇಳಿಜಾರಿಗೆ ಬಂದಾಗ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದೆ. ಎಲ್ಲರೂ ಸೋತ ಜಾಗ ಅದು. ಮಾವ ಎದುರಿನ ಗಾಜಿಗೆ ಹೇಳಿದರು: "ಬಿಗಿ ಇಡೀಬಾರ್ದು. ಅದರ ಪಾಡಿಗೆ ಅದು ಕಾಲಿಡ್ಲಿ." ನಾನು ಸಡಿಲ ಬಿಟ್ಟೆ. ಜೀಪು ಒಂದು ಕಲ್ಲು ಹತ್ತಿತು, ಓಲಾಡಿತು, ಇನ್ನೊಂದು ಹತ್ತಿತು, ಗೊಗ್ಗರು ದನಿಯಲ್ಲಿ ಗೊಣಗುತ್ತ ಆ ದಡ ಸೇರಿತು. ನಾನು ಕೂಗಿಯೇಬಿಟ್ಟೆ. ಮಾವನ ಬಾಯಿಂದ ಎತ್ತು ಹೊಡೆಯುವ "ಹೋ" ತಾನಾಗಿ ಬಂತು.

ತೋಟದ ಬಾಯಲ್ಲಿ ಏರು. ಬ್ರೇಕಿನ ಮೇಲಿಂದ ಕಾಲು ತೆಗೆದರೆ ಜೀಪು ಹಿಂದಕ್ಕೆ ಸರಿಯುತ್ತಿತ್ತು. ಯಜಮಾನರು ಇನ್ನೂ ಹಳ್ಳದ ಆಚೆಯೇ ಇದ್ದರು. ಈ ಸಲ ಬೈಕು ಮಗುಚದ ಹಾಗೆ ತಳ್ಳಿಕೊಂಡು ಬರುತ್ತಿದ್ದರು. ಮಾವ ಮೆಲ್ಲಗೆ ಇಳಿದರು. ಹಗ್ಗವನ್ನು ಬಾಗಿಲಿನಿಂದ ಬಿಚ್ಚಿ, ಜೀಪಿನ ಮುಂದಿನ ಕೊಂಡಿಗೆ ಹಾಕಿ, ಮೊದಲ ತೆಂಗಿನಮರಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಅದೇ ಮರಕ್ಕೆ ಅವರು ನಲವತ್ತು ವರ್ಷ ಎತ್ತು ಕಟ್ಟಿದ್ದು. ಮರದ ತೊಗಟೆಯಲ್ಲಿ ಹಗ್ಗ ಸವೆಸಿದ ಗೆರೆ ಇನ್ನೂ ಇತ್ತು. ಹೊಸ ಹಗ್ಗ ಆ ಗೆರೆಯಲ್ಲೇ ಕೂತಿತು. ಜೀಪು ನಿಂತಿತು.

ಅವರು ಮರದಿಂದ ಮರಕ್ಕೆ ಕೈಯೂರಿಕೊಂಡು ನಡೆದರು. ಒಂದೊಂದನ್ನೂ ತಲೆಯೆತ್ತಿ ನೋಡಿದರು. ಒಂದು ಗರಿ ಕೊಳೆತದ್ದಕ್ಕೆ ಬೈದರು. ಬಾವಿಯ ಹತ್ತಿರದ ಎಳೆಯ ಮರ ಹೊಂಬಾಳೆ ಒಡೆದದ್ದನ್ನು ಕಂಡು ಅಲ್ಲೇ ಕೂತುಬಿಟ್ಟರು. ನಾನು ದೂರದಲ್ಲಿ ನಿಂತು ಕಣ್ಣೊರೆಸಿಕೊಂಡೆ. ಬಹಳ ಹೊತ್ತಿನ ಮೇಲೆ ವಾಪಸು ಬಂದು, ಹಗ್ಗ ಕಟ್ಟಿದ ಮರದ ಮೇಲೆ ಕೈಯಿಟ್ಟು, "ಗುತ್ತಿಗೆಯವ್ನ ಬರಬ್ಯಾಡ ಅನ್ನು. ವಾರಕ್ಕೊಂದ್ಸಲ ನಾನೇ ಬತ್ತೀನಿ" ಎಂದರು.

ನನಗೆ ಅವತ್ತು ಏನು ಧೈರ್ಯ ಬಂತೋ. "ಯಾರಿಗೆ ಹೇಳಿದ್ದು ಮಾವ, ಮರಕ್ಕಾ?" ಎಂದೆ.

ಮಾವ ತಿರುಗಿ ನನ್ನ ಮುಖ ನೋಡಿದರು.

"ಮರಕ್ಯಾಕವ್ವ ಯೋಳ್ಲಿ. ನಿಂಗೆ ಕಣವ್ವ. ಕರ್ಕಂಡು ಬರೋಳು ನೀನಲ್ವಾ."